ಕಂಬಳಿಯಲ್ಲಿ ಉಳಿದ ಮೇಕೆ

ನಾನು ಪಾಠ ಮಾಡುವ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನನಗೆ ಕೊಟ್ಟಿರುವ ಕುರ್ಚಿ ಕಬ್ಬಿಣದ್ದು. ಚಳಿಗಾಲದ ಬೆಳಿಗ್ಗೆ ಅದರ ಮೇಲೆ ಕೂರಬೇಕೆಂದರೆ ಸ್ವಲ್ಪ ಧೈರ್ಯ ಬೇಕು. ಅದಕ್ಕೇ ಒಂದು ಕರಿ ಕಂಬಳಿಯನ್ನು ಮಡಚಿ ಹಾಸಿಕೊಂಡಿದ್ದೇನೆ. ಕಂಬಳಿಗೆ ಹೆಸರಾದ ಚಳ್ಳಕೆರೆಯಲ್ಲಿ ಕುರ್ಚಿಯ ಮೇಲೆ ಕಂಬಳಿ ಕಂಡರೆ ಯಾರೂ ಆಶ್ಚರ್ಯಪಡುವುದಿಲ್ಲ, ಇಲ್ಲದಿದ್ದರೇ ಕೇಳುತ್ತಾರೆ. ಆದರೆ ಈ ಕಂಬಳಿಗೆ ಒಂದು ಕೆಟ್ಟ ಗುಣ ಇದೆ, ಚುಚ್ಚುತ್ತದೆ. ಕಂಬಳಿ ಎಂದಮೇಲೆ ಚುಚ್ಚದೆ ಇರುತ್ತದೆಯೇ ಎನ್ನಬೇಡಿ. ಉಣ್ಣೆಯ ಒರಟುತನ ಬೇರೆ. ಅದು ಮೈಗೆಲ್ಲ ಒಂದೇ ಸಮ ಹರಡಿಕೊಂಡು, ಸ್ವಲ್ಪ ದಿನಕ್ಕೆ ಒಗ್ಗಿಹೋಗುತ್ತದೆ. ಇದು ಹಾಗಲ್ಲ. ಆರಾಮಾಗಿ ಕೂತಿದ್ದಾಗ, ಎಲ್ಲಿಂದಲೋ ಒಂದೇ ಒಂದು ಕೂದಲು ಸೂಜಿಯ ಹಾಗೆ ತಲೆ ಎತ್ತಿ, ನಾನೂ ಇಲ್ಲೇ ಇದ್ದೀನಿ ಎನ್ನುತ್ತದೆ.

ಕಳೆದ ವಾರ ಅದು ಹಾಗೆ ಚುಚ್ಚಿದ ಹೊತ್ತಿಗೇ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು.

"ಮೇಡಂ, ಕೆಂಪು ಗೆರೆ ಬಂತು."

ಎದ್ದು ಹೋಗಿ ನೋಡಿದೆ. ಜಾವಾ ಪ್ರೋಗ್ರಾಂ. ಪ್ರಾಣಿ ಎಂಬ ಒಂದು ಜಾತಿ ಬರೆದಿದ್ದಾಳೆ. ಅದರ ಕೆಳಗೆ ಕುರಿ, ಮೇಕೆ ಎಂಬ ಎರಡು. ಪ್ರಾಣಿಗಳ ಲಿಸ್ಟು ಕೊಟ್ಟರೆ ಒಂದೊಂದರ ಹೆಸರೂ ಹೇಳುವ ಪುಟ್ಟ ಕೆಲಸವೊಂದನ್ನು ಬರೆದು, ಅದಕ್ಕೆ ಕುರಿಗಳ ಲಿಸ್ಟನ್ನು ಕೊಟ್ಟಿದ್ದಾಳೆ. ಬರೆದದ್ದನ್ನು ಓಡಿಸುವ ಮೊದಲೇ ತಪ್ಪು ಹುಡುಕುವ ಕಂಪೈಲರ್ ಅಡಿಗೆರೆ ಹಾಕಿ ಒಲ್ಲೆ ಎಂದಿದೆ.

"ಕುರಿ ಪ್ರಾಣಿ ಅಲ್ವಾ ಮೇಡಂ? ಅದನ್ನ ಇದೇ ಮೇಲಿನ ಸಾಲಲ್ಲಿ ಒಪ್ಕಂಡೈತೆ. ಕುರಿಗಳ ಲಿಸ್ಟು ಮಾತ್ರ ಪ್ರಾಣಿಗಳ ಲಿಸ್ಟು ಅಲ್ಲ ಅಂತೈತೆ. ಇದಕ್ಕೇನು ತಲೆ ಕೆಟ್ಟೈತಾ?"

ಜಾವಾ ಗೊತ್ತಿಲ್ಲದ ಓದುಗರು ಇಲ್ಲಿಗೇ ಪುಟ ತಿರುಗಿಸಬೇಡಿ. ಕುರಿ ಗೊತ್ತಿದ್ದರೆ ಸಾಕು. ನನಗೆ ಕುರಿ ಚೆನ್ನಾಗಿಯೇ ಗೊತ್ತಿತ್ತು; ನನ್ನ ಕಷ್ಟ ಶುರುವಾಗಿದ್ದೇ ಅಲ್ಲಿಂದ.

ನಮ್ಮದು ಪರಶುರಾಂಪುರದ ಆಚೆ ಒಂದು ಹಟ್ಟಿ. ಅಪ್ಪ ಕುರಿ ಕಾಯುವವರು, ಅವರಪ್ಪನೂ ಅಷ್ಟೆ. ಬಿಸಿಎ ಎಂಬ ಮೂರಕ್ಷರವನ್ನು ಆ ಹಟ್ಟಿಗೆ ಮೊದಲು ತಂದವಳು ನಾನು. ಈ ಮಾತನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ಹೇಳಿದ್ದುಂಟು. ಆದರೆ ಆ ಮೂರಕ್ಷರ ನೇರವಾಗಿ ಬರಲಿಲ್ಲ. ಮಿಕ್ಕ ಎಲ್ಲ ವಿಷಯವೂ ಪಾಸಾಗಿ, ಜಾವಾದ ಪ್ರಾಯೋಗಿಕ ಪರೀಕ್ಷೆಯೊಂದು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ನಮಗೆ ಜಾವಾ ಹೇಳಿಕೊಡುತ್ತಿದ್ದವರು ಮೊಳಕಾಲ್ಮೂರಿನ ಒಬ್ಬ ಮೇಷ್ಟ್ರು. ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ. ಬೆಳಿಗ್ಗೆ ಮಗ್ಗದ ಮುಂದೆ ಒಂದಿಷ್ಟು ಹೊತ್ತು ಕೂತೇ ಬಸ್ಸು ಹತ್ತುತ್ತಿದ್ದರು. ಅಂಗಿಯ ತೋಳಿಗೆ ಬಣ್ಣದ ಎಳೆಯೊಂದು ಅಂಟಿಕೊಂಡಿರುತ್ತಿತ್ತು. ಇವತ್ತು ಯಾವ ಬಣ್ಣ ಎಂದು ನಾವು ಹುಡುಗಿಯರು ಪಂದ್ಯ ಕಟ್ಟುತ್ತಿದ್ದೆವು. ಕನ್ನಡದಲ್ಲಿ ಶುರುವಾದ ಪಾಠ, ಸಿಟ್ಟು ಬಂದಾಗ ಮತ್ತು ಖುಷಿಯಾದಾಗ, ತೆಲುಗಿಗೆ ಹೊರಳುತ್ತಿತ್ತು. ಯಾವ ಲಿಸ್ಟಿನಲ್ಲಿ ಏನಿರಬಹುದು ಎಂದು ಕಟ್ಟುಪಾಡು ಹಾಕುವ ಜೆನೆರಿಕ್ಸ್ ಎಂಬ ಪಾಠಕ್ಕೆ ಬಂದಾಗ ಅವರು ಹೇಳಿದ ಉದಾಹರಣೆಯೂ ಸೀರೆಯದೇ.

"ನೋಡಮ್ಮಾ, ರೇಷ್ಮೆ ಸೀರೆ ಸೀರೆನೇ. ಅದಕ್ಕೆ ತಕರಾರಿಲ್ಲ. ಆದ್ರೆ ನಮ್ಮನೇಲಿ ರೇಷ್ಮೆ ಸೀರೆ ಪೆಟ್ಟಿಗೆ ಒಂದೈತೆ. ಅದನ್ನ ನಿನ್ನ ಕೈಗೆ ಕೊಟ್ಟು, 'ಇದು ಸೀರೆ ಪೆಟ್ಟಿಗೆ' ಅಂತ ಹೇಳಿದ್ರೆ ನೀನೇನು ಮಾಡ್ತೀಯಾ? ನೈಲಾನ್ ಸೀರೆನೂ ಸೀರೆನೇ ಅಂತ ಅದರಲ್ಲಿಡ್ತೀಯಾ. ನಾಳೆ ನಮ್ಮಮ್ಮ ರೇಷ್ಮೆ ಅಂತ ತೆಗೆದು ಗಿರಾಕಿ ಮುಂದೆ ಹಾಸ್ತಾಳೆ. ಮರ್ಯಾದೆ ಯಾರ್ದಮ್ಮಾ ಹೋಗೋದು? ಅರ್ಥಂ ಅಯಿಂದಾ?"

ಎಲ್ಲರೂ ಅಯಿಂದಿ ಸಾರ್ ಎಂದರು. ನಾನು ಎದ್ದು ನಿಂತೆ.

"ಇಲ್ಲ ಸಾರ್. ನಮ್ಮದು ಕುರಿ ಮಂದೆ. ಅದರಾಗೆ ಮೇಕೆನೂ ಅದಾವೆ. ಯಾವನೂ ಮರ್ಯಾದೆ ಕಳಕೊಂಡಿಲ್ಲ."

ಇದು ಸುಳ್ಳಲ್ಲ. ನಮ್ಮ ಕಡೆ ಯಾವ ಕುರಿ ಮಂದೆಯನ್ನು ನೋಡಿದರೂ ಒಂದಷ್ಟು ಮೇಕೆ ಇದ್ದೇ ಇರುತ್ತವೆ. ಕುರಿ ಎಂಬುದು ತಲೆ ತಗ್ಗಿಸಿಕೊಂಡು ನಿಂತಲ್ಲೇ ನಿಲ್ಲುವ ಜೀವ. ಮುಂದೆ ಒಂದು ಮೇಕೆ ನಡೆದರೆ ಹಿಂದೆ ಇವು ಸಾಗುತ್ತವೆ. ಕಾಯುವವನ ಚಹಾಕ್ಕೆ ಹಾಲೂ ಆಗುತ್ತದೆ. ಹಾಗಿದ್ದರೂ ಅದನ್ನು ಕುರಿ ಮಂದೆ ಎಂದೇ ಕರೆಯುತ್ತೇವೆ. ಆ ಮಾತಿನೊಳಗೇ ಮೇಕೆಗೆ ಜಾಗ ಇದೆ. ಪಟ್ಟಣದ ಹುಡುಗಿಗೆ ಈ ಪಾಠದಲ್ಲಿ ತೊಡಕಾಗಿರಲಿಕ್ಕಿಲ್ಲ. ಮೇಕೆಯ ಬೆನ್ನ ಹಿಂದೆ ಕುರಿ ನಡೆಯುವುದನ್ನು ನೋಡಿ ಬೆಳೆದವಳಿಗೆ ಆಯಿತು.

"ಹಂಗಾದ್ರೆ ಅದು ಕುರಿ ಮಂದೆ ಕಾದಮ್ಮಾ, ಅಲ್ಲವೇ ಅಲ್ಲ, ಕುರಿ-ಮೇಕೆ ಮಂದೆ," ಎಂದರು ಮೇಷ್ಟ್ರು.

"ನಾವು ಕುರಿ ಮಂದೆ ಅಂತಲೇ ಕರೆಯೋದು ಸಾರ್."

"ನೀವು ಕರೀರಿ. ಜಾವಾ ಕರೆಯಲ್ಲ. ಕೂರು."

ಕೂತೆ, ಆದರೆ ಒಪ್ಪಲಿಲ್ಲ. ಪರೀಕ್ಷೆಯ ದಿನ ಬಂತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೊಟ್ಟ ಪ್ರೋಗ್ರಾಮನ್ನು ನಾನು ನಮ್ಮ ಹಟ್ಟಿಯ ನ್ಯಾಯದ ಮೇಲೆಯೇ ಬರೆದೆ. ಪರದೆಯ ತುಂಬ ಕೆಂಪು ಗೆರೆ. ಮೌಖಿಕ ಪ್ರಶ್ನೆಯಲ್ಲಿ ಅವರು ಕೇಳಿದ್ದೂ ಅದನ್ನೇ. ನಾನು ಬೆಳಗಾವಿ ಅಧಿವೇಶನದಲ್ಲಿ ಎದ್ದು ನಿಂತ ಶಾಸಕರ ಹಾಗೆ ವಾದಿಸಿದೆ. ಕುರಿನೂ ಜೀವ, ಮೇಕೆನೂ ಜೀವ, ಒಂದೇ ರೊಪ್ಪದಲ್ಲಿ, ಒಂದೇ ಬೇಲಿಯೊಳಗೆ ಇದ್ದರೆ ಏನಾಗುತ್ತದೆ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಪ್ರೋಗ್ರಾಂ ಓಡಲಿಲ್ಲ, ನಾನು ಮಾತ್ರ ಓಡುತ್ತಲೇ ಇದ್ದೆ. ಫೇಲಾದೆ.

ನಾನೊಬ್ಬಳೇ ಫೇಲಾಗಿದ್ದರೆ ಅದು ನನ್ನ ಪಾಡು. ಆದರೆ ನನ್ನ ಹಿಂದೆ ಗಿರಿಜ ಇದ್ದಳು.

ಗಿರಿಜ ದೊಡ್ಡಪ್ಪನ ಮಗಳು. ಹತ್ತನೇ ತರಗತಿ ಪಾಸು ಮಾಡಿ ಮನೆಯಲ್ಲಿ ಕೂತಿದ್ದಳು. ಅವಳಿಗೆ ಪಶುಸಂಗೋಪನೆಯ ಡಿಪ್ಲೊಮಾ ಓದುವ ಆಸೆ. ಕುರಿಗೆ ಸೂಜಿ ಹಾಕಲು ಬರುತ್ತಿದ್ದವರ ಬ್ಯಾಗು ಹಿಡಿದುಕೊಂಡು ಹಟ್ಟಿಯೆಲ್ಲ ಸುತ್ತುತ್ತಿದ್ದಳು. ದೊಡ್ಡಪ್ಪ ಬೇಡ ಎಂದೂ ಹೇಳುತ್ತಿರಲಿಲ್ಲ, ಹೂಂ ಎಂದೂ ಹೇಳುತ್ತಿರಲಿಲ್ಲ. ನನ್ನನ್ನು ತೋರಿಸುತ್ತಿದ್ದ, ಅಷ್ಟೆ.

"ಲೇ ತಮ್ಮಾ, ನಿನ್ನ ಮಗಳ ಬಂಡಿ ಇನ್ನೂ ಕೆಸರಾಗೇ ನಿಂತೈತೆ," ಎನ್ನುತ್ತಿದ್ದ ಅಪ್ಪನ ಹತ್ತಿರ. "ಅದು ಈಚೆ ಬರ್ಲಿ. ಆಮ್ಯಾಕೆ ನನ್ನ ಮಗಳ ಬಂಡಿ ಹೂಡೋ ಮಾತು."

ಗಿರಿಜ ನನ್ನನ್ನು ದೂರುತ್ತಿರಲಿಲ್ಲ. ಬಸ್ಸಿಳಿದು ಬಂದಾಗ ಒಂದು ಚೊಂಬು ನೀರು ಕೊಟ್ಟು, "ಅಕ್ಕಾ, ಈ ಸಲ ಆಗ್ತೈತಲ್ಲ?" ಎಂದು ಕೇಳಿ ಒಳಗೆ ಹೋಗುತ್ತಿದ್ದಳು. ಆ ನೀರು ಕುಡಿಯುವುದು ಕಷ್ಟವಾಗುತ್ತಿತ್ತು. ಎರಡನೇ ಸಲವೂ ಫೇಲಾದರೆ ದೊಡ್ಡಪ್ಪ ಅವಳ ಮಾತನ್ನು ಅಲ್ಲಿಗೇ ಮುಗಿಸುವವನಿದ್ದ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಮೇಲೆ ಉಣ್ಣೆ ಕತ್ತರಿಸುವ ದಿನ ಬಂತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಉಣ್ಣೆ ಕತ್ತರಿಸುವ ಹಿಂದಿನ ದಿನ ಕುರಿಗಳನ್ನು ನೀರಿಗೆ ಹೊಡೆದು ತೊಳೆಯುತ್ತಾರೆ. ಮುಳ್ಳು, ಮಣ್ಣು, ಹಿಕ್ಕೆ ಎಲ್ಲ ಹೋಗಬೇಕು. ತೊಳೆದ ಕುರಿಗಳನ್ನು ಅವತ್ತೊಂದು ದಿನ, ಗುಡಿಸಿ ಸ್ವಚ್ಛ ಮಾಡಿದ ಬೇರೆ ರೊಪ್ಪದಲ್ಲಿ ಕೂಡುತ್ತಾರೆ. ರೊಪ್ಪ ಎಂದರೆ ಜಾಲಿಮುಳ್ಳಿನ ಬೇಲಿ ಕಟ್ಟಿ, ಬಾಯಿಗೆ ಒಂದು ತಡಿಕೆ ನಿಲ್ಲಿಸಿದ ದೊಡ್ಡಿ. ವರ್ಷವೆಲ್ಲ ಒಟ್ಟಿಗೆ ಇರುವ ಮೇಕೆಗಳನ್ನು ಅವತ್ತು ಮಾತ್ರ ಹೊರಗೆ ಕಟ್ಟುತ್ತಾರೆ. ಮೇಕೆಯ ಕೂದಲು ಉಣ್ಣೆಯಲ್ಲ. ನೂಲಿಗೆ ಬಗ್ಗುವುದಿಲ್ಲ, ಎಳೆಯೊಳಗೆ ಸೇರಿಕೊಂಡು ಮುಳ್ಳಿನ ಹಾಗೆ ನಿಲ್ಲುತ್ತದೆ. ಅದು ಬೆರೆತ ಉಣ್ಣೆಯನ್ನು ಕಂಬಳಿ ನೇಯುವವರು ಮುಟ್ಟುವುದಿಲ್ಲ.

ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಅಪ್ಪ ಗೋಣಿತಾಟು ಹಾಸಿಕೊಂಡು ಕತ್ತರಿ ಹಿಡಿದು ಕೂತಿದ್ದರು. ನಾನು ರೊಪ್ಪದೊಳಗಿನಿಂದ ಒಂದೊಂದನ್ನೇ ಹಿಂಗಾಲು ಹಿಡಿದು ಎಳೆದು ತಂದು ಅವರ ಮುಂದೆ ಕೆಡವುತ್ತಿದ್ದೆ. ಅವ್ವ ಕತ್ತರಿಸಿದ ಉಣ್ಣೆಯನ್ನು ಗುಡ್ಡೆ ಹಾಕುತ್ತಿದ್ದಳು. ನಮ್ಮ ಕುರಿಗಳೆಲ್ಲ ಕರಿಯವು. ಮಬ್ಬಿನಲ್ಲಿ ಕೈಗೆ ಸಿಕ್ಕ ಕರಿ ಕಾಲು ಹಿಡಿಯುವುದು, ಎಳೆಯುವುದು. ಮುಖ ಯಾರು ನೋಡುತ್ತಾರೆ? ಅಪ್ಪನೂ ನೋಡುತ್ತಿರಲಿಲ್ಲ. ಮಳೆ, ಶೇಂಗಾ, ಯಾರದೋ ಮದುವೆ ಎಂದು ಮಾತಾಡುತ್ತಲೇ ಕೈ ಓಡಿಸುತ್ತಿದ್ದರು.

ಹಾಗೆ ಎಳೆದು ತಂದವುಗಳಲ್ಲಿ ಒಂದು, ಕತ್ತರಿ ಮೈಗೆ ತಾಗಿದ್ದೇ, ಕುರಿ ಯಾವತ್ತೂ ಕೂಗದ ಧ್ವನಿಯಲ್ಲಿ ಅರಚಿತು. ಅಪ್ಪನ ಎದೆಗೆ ಒದ್ದು ನೆಗೆಯಿತು. ಉಣ್ಣೆಯ ಗುಡ್ಡೆಯ ಮೇಲೆ ಬಿದ್ದು, ಹೊರಳಿ, ಕತ್ತರಿಸಿದ್ದ ಕೂದಲನ್ನೆಲ್ಲ ಅದರೊಳಗೆ ಕೊಡವಿ, ಅವ್ವನ ಸೀರೆಯ ಸೆರಗನ್ನು ಕೊಂಬಿಗೆ ಸಿಕ್ಕಿಸಿಕೊಂಡು ಓಡಿತು. ಅಪ್ಪನ ಅಂಗೈಯಲ್ಲಿ ರಕ್ತ.

ದೊಡ್ಡಪ್ಪನ ಕರಿ ಮೇಕೆ.

"ಯಾರು ಬಿಟ್ಟಿದ್ದು ಇದನ್ನ?" ಅಪ್ಪ ಕೂಗಿದರು.

ದೊಡ್ಡಪ್ಪ ಬೇವಿನ ಕಡ್ಡಿ ಜಗಿಯುತ್ತಾ ಬಂದ. "ನಾನೇ ಕಣಲೇ. ಹಗ್ಗ ಹರಕೊಂಡಿತ್ತು. ನಾಯಿ ಬೇರೆ ತಿರುಗ್ತಿದ್ವು. ರೊಪ್ಪ ಐತಲ್ಲ ಅಂತ ಒಳಗೆ ಬಿಟ್ಟೆ."

"ಕುರಿ ತೊಳೆದು ಕೂಡಿದ್ದು ಕಾಣ್ಲಿಲ್ವೇನ್ರಿ ಭಾವ?" ಅವ್ವ ಸೆರಗು ಹುಡುಕುತ್ತಾ ಕೇಳಿದಳು.

"ಕಂಡ್ತು. ಅದಕ್ಕೇನೀಗ? ಕುರಿನೂ ಜೀವ, ಮೇಕೆನೂ ಜೀವ. ದಿನಾ ಒಂದೇ ರೊಪ್ಪದಾಗೆ ಮಲಗ್ತಾವೆ. ಇವತ್ತೇನಾತು?"

ನಾನು ಇನ್ನೊಂದು ಕುರಿಯ ಕಾಲು ಹಿಡಿದುಕೊಂಡು ಹಾಗೆಯೇ ನಿಂತೆ. ಆ ಮಾತು ನನ್ನದು. ಪರೀಕ್ಷಕರ ಮುಂದೆ ನಾನು ಆಡಿದ್ದೇ ಅದು. ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಅಷ್ಟು ದೊಡ್ಡ ಮಾತಾಗಿ ಕಾಣಲಿಲ್ಲ.

"ನಾನು ಕುರಿ ಅಂತ ಕತ್ತರಿ ಹಾಕಿದೆ ಕಣಣ್ಣಾ!"

"ಕತ್ತರಿ ಹಾಕೋಕೆ ಮುಂಚೆ ಮೋತಿ ನೋಡ್ಬೇಕಪ್ಪಾ!"

"ಒಂದೊಂದರ ಮೋತಿನೂ ನೋಡ್ಕಂಡು ಕುಂತ್ರೆ ಉಣ್ಣೆ ಯಾವಾಗ ಕತ್ತರಿಸ್ಲಿ? ನೀನು ಬಂದು ನೋಡ್ತಾ ಕೂರು, ನಾನು ಕತ್ತರಿಸ್ತೀನಿ!"

"ನಾನ್ಯಾಕೆ ನೋಡ್ಲಿ? ನನ್ನ ಮೇಕೆ ಮೋತಿ ನನಗೆ ಗೊತ್ತೈತೆ!"

ಅಣ್ಣ ತಮ್ಮ ಹೀಗೆ ಬಿಸಿಲೇರುವ ತನಕ ಕೂಗಾಡಿದರು. ಗಿರಿಜ ಅರಿಸಿನ ತಂದು ಅಪ್ಪನ ಕೈಗೆ ಒತ್ತಿ ಬಟ್ಟೆ ಕಟ್ಟಿದಳು, ನನ್ನ ಕಡೆ ನೋಡಲಿಲ್ಲ. ನನಗೆ ಮೇಷ್ಟ್ರ ಪೆಟ್ಟಿಗೆ, ನೈಲಾನ್ ಸೀರೆ, ಗಿರಾಕಿಯ ಮುಂದೆ ಸೀರೆ ಹಾಸುತ್ತಿರುವ ಅವರಮ್ಮ, ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂದವು. ದೊಡ್ಡಪ್ಪ ಮೇಕೆ ಬಿಟ್ಟಾಗ ಯಾರಿಗೂ ಏನೂ ಆಗಿರಲಿಲ್ಲ. ಮೇಕೆ ಸುಖವಾಗಿ ಮಲಗಿತ್ತು, ಕುರಿಗಳೂ ಮಲಗಿದ್ದವು. ತಪ್ಪು ಒಳಗೆ ಹೊಕ್ಕಾಗ ಸದ್ದು ಮಾಡಲಿಲ್ಲ. ಸದ್ದಾಗಿದ್ದು ಬೆಳಿಗ್ಗೆ, ಆ ತಪ್ಪು ಮಾಡದೇ ಇದ್ದವನ ಕೈಯಲ್ಲಿ. ಕಂಪೈಲರ್ ಹೇಳುತ್ತಿದ್ದದ್ದು ಇಷ್ಟೇ: ಕುರಿಯ ರೊಪ್ಪವನ್ನು ಪ್ರಾಣಿಗಳ ರೊಪ್ಪ ಎಂದು ನಾನು ಯಾರ ಕೈಗೂ ಕೊಡುವುದಿಲ್ಲ, ಕೊಟ್ಟರೆ ಅವರು ಮೇಕೆ ಬಿಟ್ಟಾರು.

ಹಳೆಯ ಜಾವಾದಲ್ಲಿ ಈ ಕಟ್ಟುನಿಟ್ಟು ಇರಲಿಲ್ಲವಂತೆ. ಯಾವ ರೊಪ್ಪಕ್ಕೂ ಬೋರ್ಡಿಲ್ಲ, ಯಾರು ಏನು ಬೇಕಾದರೂ ಬಿಡಬಹುದು. ತೆಗೆಯುವವನು ಮಾತ್ರ ಒಂದೊಂದರ ಮೋತಿ ನೋಡಿಕೊಳ್ಳಬೇಕು. ನಮ್ಮ ದೊಡ್ಡಪ್ಪನ ಕಾಲದ ಜಾವಾ ಎನ್ನಿ.

ಅದಾದ ಮೇಲೆ, ಈ ಕಟ್ಟುನಿಟ್ಟನ್ನು ಬೇಕಾದಷ್ಟೇ ಸಡಿಲಿಸುವ ವೈಲ್ಡ್‌ಕಾರ್ಡ್ ಎಂಬುದನ್ನು ನಾನು ಬಾಯಿಪಾಠ ಮಾಡಬೇಕಾಗಲಿಲ್ಲ. ಪರಶುರಾಂಪುರದಿಂದ ಚಳ್ಳಕೆರೆಗೆ ಹೋಗುವ ಬಸ್ಸಿನಲ್ಲಿ, ಈರುಳ್ಳಿ ಮೂಟೆಯ ಮೇಲೆ ಕಾಲಿಟ್ಟುಕೊಂಡು ಕೂತು, ನಮ್ಮ ಕಡೆಯ ರೊಪ್ಪಗಳಿಗೆ ಬರುವವರು ಯಾರ್ಯಾರು ಎಂದು ಯೋಚಿಸಿದೆ. ಸೂಜಿ ಹಾಕುವವರು ಬರುತ್ತಾರೆ. ಅವರು ಕುರಿಯ ರೊಪ್ಪಕ್ಕೂ ಹೋಗುತ್ತಾರೆ, ಮೇಕೆಯ ರೊಪ್ಪಕ್ಕೂ ಹೋಗುತ್ತಾರೆ. ಒಳಗಿರುವುದು ಪ್ರಾಣಿ ಎಂದು ಗೊತ್ತಿದ್ದರೆ ಅವರಿಗೆ ಸಾಕು. ಅವರು ಒಳಗೆ ಏನನ್ನೂ ಬಿಡುವುದಿಲ್ಲ. ಆದ್ದರಿಂದ ಯಾವ ತಡಿಕೆಯನ್ನಾದರೂ ತೆಗೆದುಕೊಡಬಹುದು. ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಎಕ್ಸ್‌ಟೆಂಡ್ಸ್ ಪ್ರಾಣಿ, ಅಂದರೆ ಪ್ರಾಣಿಯ ಕೆಳಗೆ ಬರುವ ಯಾವುದಾದರೂ ಸರಿ, ಎಂದು ಬರೆಯುವುದು ಇವರಿಗಾಗಿ. ಇನ್ನೊಬ್ಬ ಬರುತ್ತಾನೆ, ಕೈಯಲ್ಲಿ ಒಂದು ಕುರಿ ಹಿಡಿದುಕೊಂಡು, ಇದನ್ನು ಎಲ್ಲಾದರೂ ಬಿಡಬೇಕಲ್ಲ ಎನ್ನುತ್ತಾನೆ. ಅವನಿಗೆ ಕುರಿಯ ರೊಪ್ಪವೂ ಆದೀತು, ಕುರಿ-ಮೇಕೆ ಒಟ್ಟಿಗಿರುವ ದೊಡ್ಡ ರೊಪ್ಪವೂ ಆದೀತು. ಮೇಕೆಯ ರೊಪ್ಪ ಆಗದು. ಅವನಿಗಾಗಿ ಅದೇ ಚಿಹ್ನೆಯ ಮುಂದೆ ಸೂಪರ್ ಕುರಿ, ಅಂದರೆ ಕುರಿ ಇಲ್ಲವೇ ಅದಕ್ಕೂ ಮೇಲಿನದು, ಎಂದು ಬರೆಯುತ್ತಾರೆ. ಬಿಡುವುದು ಅವನ ಹಕ್ಕು. ಅಲ್ಲಿಂದ ಕೈಗೆ ಸಿಕ್ಕಿದ್ದನ್ನು ಎಳೆದು ತೆಗೆದರೆ ಯಾವುದು ಬಂದೀತು ಎಂದು ಮಾತ್ರ ಅವನು ಹೇಳುವ ಹಾಗಿಲ್ಲ.

ಎರಡನೇ ಸಲದ ಪರೀಕ್ಷೆಯಲ್ಲಿ ಬೇರೆ ಪರೀಕ್ಷಕರು. ಪ್ರಶ್ನೆ ಸುತ್ತಿ ಬಳಸಿ ಅಲ್ಲಿಗೇ ಬಂತು. ನಾನು ಸೂಜಿಯವರ ಮತ್ತು ಕುರಿ ಬಿಡುವವನ ವಿಷಯ ಹೇಳಿದೆ. ನಡುವೆ ದೊಡ್ಡಪ್ಪನ ಮೇಕೆಯೂ ಬಂತು. ಅವರು ನಕ್ಕರು. ಬಾಗಿಲ ಬಳಿ ನಿಂತಿದ್ದ ಮೊಳಕಾಲ್ಮೂರಿನ ಮೇಷ್ಟ್ರು ತೋಳಿನ ನೇರಳೆ ಎಳೆಯನ್ನು ಕಿತ್ತುಕೊಳ್ಳುತ್ತಾ, "ಇಪ್ಪುಡು ಅರ್ಥಂ ಅಯಿಂದಿ," ಈಗ ಅರ್ಥವಾಯಿತು, ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಈ ಸಲ ಪ್ರೋಗ್ರಾಮೇ ಓಡಿತು.

ಪಾಸಾದ ಸುದ್ದಿ ಹಟ್ಟಿಗೆ ಮುಟ್ಟಿದಾಗ ದೊಡ್ಡಪ್ಪ ತಕ್ಷಣ ಸೋಲೊಪ್ಪಲಿಲ್ಲ. "ಬಂಡಿ ಹೂಡೋ ಮಾತು ಅಂದಿದ್ದೆ. ಹೂಡ್ತೀನಿ ಅಂದಿದ್ನಾ?" ಎಂದ. ಅವ್ವ, ದೊಡ್ಡಮ್ಮ ಇಬ್ಬರೂ ತಿರುಗಿ ಬಿದ್ದರು. "ಮೇಕೆ ಬಿಟ್ಟಿದ್ದು ಸಾಲ್ದಾ, ಮಾತೂ ಬಿಡ್ತೀಯಾ?" ಎಂದು ದೊಡ್ಡಮ್ಮ ಕೇಳಿದ ಮೇಲೆ ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ. ಆ ವಾರವೇ ಗಿರಿಜಳನ್ನು ಕರೆದುಕೊಂಡು ಹೋಗಿ ಅರ್ಜಿ ಹಾಕಿಸಿ ಬಂದ. ಈಗ ಅವಳು ರಾಂಪುರದ ಕಡೆ ಪಶು ಆಸ್ಪತ್ರೆಯಲ್ಲಿದ್ದಾಳೆ. ಸ್ಕೂಟಿ ಮೇಲೆ ಊರೂರು ಸುತ್ತುತ್ತಾಳೆ. ಕುರಿಯ ರೊಪ್ಪ, ಮೇಕೆಯ ರೊಪ್ಪ, ಹಸುವಿನ ಕೊಟ್ಟಿಗೆ, ಯಾವ ತಡಿಕೆಯಾದರೂ ಅವಳಿಗೆ ತೆರೆಯುತ್ತದೆ. ನನ್ನ ಪಾಠದ ಎಕ್ಸ್‌ಟೆಂಡ್ಸ್ ಪ್ರಾಣಿ ಅವಳೇ. ಹಾಗೆ ಕರೆದರೆ ಬೈಯುತ್ತಾಳೆ.

ಹಟ್ಟಿಯಲ್ಲಿ ಒಬ್ಬಳು ಪದವೀಧರೆಯಾದಳು ಎಂದ ಮಾತ್ರಕ್ಕೆ ಅದು ಪದವೀಧರರ ಹಟ್ಟಿ ಆಗುವುದಿಲ್ಲ. ಹಾಗೆಂದು ಹೊರಗಿನವರು ಹೊಗಳಿದಾಗ ನಾನು ತಿದ್ದುತ್ತೇನೆ. ಇಂಥ ತಿದ್ದುವ ಚಾಳಿ ಕಂಪೈಲರಿನಿಂದ ಬಂದದ್ದಿರಬೇಕು.

ಆ ಸಲದ ಉಣ್ಣೆಯನ್ನು ಕಂಬಳಿ ನೇಯುವವರು ನಿರೀಕ್ಷೆಯಂತೆ ಬೇಡ ಎಂದರು. ಅವ್ವ ದಿನಗಟ್ಟಲೆ ಕೂತು ಕೂದಲು ಆರಿಸಿದಳು. ಆರಿಸಿದ್ದು ಹೋಯಿತು, ಕಾಣದ್ದು ಉಳಿಯಿತು. ಅವಳೇ ನೂತು, ಯಾರನ್ನೋ ಕಾಡಿ ಬೇಡಿ ನೇಯಿಸಿ, ಗಟ್ಟಿಯಾಗಲೆಂದು ಕಂಬಳಿಗೆ ಹುಣಸೆಬೀಜದ ಗಂಜಿ ಕುಡಿಸಿ, ನನ್ನ ಕೈಗಿಟ್ಟಳು. ಕುರ್ಚಿಯ ಮೇಲಿರುವುದು ಅದೇ.

ಹುಡುಗಿಯ ಪ್ರಶ್ನೆಗೆ ಬರೋಣ. ನಾನು ಯಾವಾಗಲೂ ಇಂಥ ಹೊತ್ತಿನಲ್ಲಿ ಬೋರ್ಡಿನ ಬಳಿ ಹೋಗಿ ದೊಡ್ಡ ಭಾಷಣ ಮಾಡುತ್ತೇನೆ. ಕಂಪೈಲರಿನ ಪರವಾಗಿ ವಕಾಲತ್ತು ವಹಿಸಿ, ಮಕ್ಕಳನ್ನು ಒಪ್ಪಿಸಿಯೇ ಬಿಡುವ ಹಟ. ಅವತ್ತೂ ಶುರು ಮಾಡಿದ್ದೆ. ಆಗಲೇ ಬಾಗಿಲಲ್ಲಿ ದೊಡ್ಡಪ್ಪ ಬಂದು ನಿಂತ. ಕಣ್ಣು ತೋರಿಸಿಕೊಳ್ಳಲು ಚಳ್ಳಕೆರೆಗೆ ಬಂದವನು, ಊರಿನ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ನನ್ನನ್ನು ಹುಡುಕಿಕೊಂಡು ಬಂದಿದ್ದ. ಒಂದು ಕಣ್ಣಿಗೆ ಹಸಿರು ಪಟ್ಟಿ. ಮಕ್ಕಳೆಲ್ಲ ಎದ್ದು ನಿಂತರು. ಅವನು ಯಾರೋ ದೊಡ್ಡವರು ಬಂದರೇನೋ ಎಂದು ಹಿಂದೆ ತಿರುಗಿ ನೋಡಿದ.

"ನಿನಗೇ ಎದ್ದಿರೋದು ದೊಡ್ಡಪ್ಪಾ. ಬಾ, ಕೂತ್ಕೋ," ಎಂದು ನನ್ನ ಕುರ್ಚಿ ತೋರಿಸಿದೆ.

ಕೂತ. ನಾನು ಪಾಠ ಮುಂದುವರಿಸಿದೆ. ಹೆಸರು ಹೇಳದೆ ಮೇಕೆಯ ಕತೆ ಹೇಳಿದೆ, ಮಕ್ಕಳು ನಕ್ಕರು. ಅವನೂ ನಕ್ಕ. ಸ್ವಲ್ಪ ಹೊತ್ತಿಗೆ ಕುರ್ಚಿಯಲ್ಲಿ ಅತ್ತಿತ್ತ ಸರಿಯತೊಡಗಿದ.

"ಏನವ್ವಾ ಇದು, ಚುಚ್ತೈತಲ್ಲ?"

"ನಿನ್ನ ಮೇಕೆ ದೊಡ್ಡಪ್ಪಾ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಒಂದೇ ಕಣ್ಣಿನಿಂದ ಕಂಬಳಿಯನ್ನು ನೋಡಿದ. ನನ್ನನ್ನು ನೋಡಿದ. ಇಡೀ ಲ್ಯಾಬು ಅವನನ್ನು ನೋಡುತ್ತಿತ್ತು.

"ಅದು ಸತ್ತು ಯಾವ ಕಾಲ ಆತು. ಇನ್ನೂ ಐತಾ ಇದರಾಗೆ?"

"ಐತೆ."

"ನಾನವತ್ತು ಬಿಡೋವಾಗ ಯಾರಾದ್ರೂ ಬ್ಯಾಡ ಅಂದಿದ್ರೆ..." ಎಂದು ಶುರು ಮಾಡಿದ.

"ಅಂದಿದ್ರೆ ಕೇಳ್ತಿದ್ದೆಯಾ?"

"ಎಲ್ಲಿ ಕೇಳ್ತಿದ್ದೆ," ಎಂದು ತಾನೇ ನಕ್ಕ. "ಅವರಿಗೇ ಬುದ್ಧಿ ಹೇಳಿ ಬಿಡ್ತಿದ್ದೆ."

ನನಗೆ ನನ್ನ ಅರ್ಧ ಭಾಷಣ ಬೋರ್ಡಿನ ಮೇಲೆ ಕಂಡಿತು. ಮೇಷ್ಟ್ರು ಎಷ್ಟು ಚೆನ್ನಾಗಿ ಹೇಳಿದ್ದರು, ನಾನು ಕೇಳಿದ್ದೆನೇ? ಬೋರ್ಡನ್ನು ಒರೆಸಿದೆ. ಹುಡುಗಿಯ ಬಳಿ ಹೋಗಿ, "ಈ ರೊಪ್ಪದ ಒಳಕ್ಕೆ ಹೋಗೋರು ಏನು ಮಾಡ್ತಾರೆ? ನೋಡ್ಕಂಡು ಬರ್ತಾರಾ, ಏನಾದ್ರೂ ಬಿಟ್ಟು ಬರ್ತಾರಾ?" ಎಂದಷ್ಟೇ ಕೇಳಿ, ಅವಳ ಪಕ್ಕದಲ್ಲಿ ಸುಮ್ಮನೆ ನಿಂತೆ. ಅವಳು ಉಗುರು ಕಚ್ಚಿದಳು. ಬರೆದಳು, ಅಳಿಸಿದಳು. ಸುಮ್ಮನೆ ನಿಲ್ಲುವುದು ಭಾಷಣಕ್ಕಿಂತ ಕಷ್ಟದ ಕೆಲಸ.

ದೊಡ್ಡಪ್ಪ ಮತ್ತೆ ಸರಿದು ಕೂತ. "ಬೇರೆ ಕುರ್ಚಿ ತರಿಸ್ಲಾ? ಇಲ್ಲ ಕಂಬಳಿ ತೆಗೀಲಾ?" ಎಂದೆ.

"ಇರ್ಲಿ ಬಿಡವ್ವಾ," ಎಂದ. ಅಂಗೈಯಿಂದ ಕಂಬಳಿಯನ್ನು ಒಂದು ಸಲ ಸವರಿ, ಸರಿಯಾಗಿ ಅದರ ಮೇಲೆಯೇ ಕೂತ. "ನಂದೇ ಅಲ್ವಾ."

"ಮೇಡಂ," ಎಂದಳು ಹುಡುಗಿ, ತಾನು ಹಾಕಿದ ಪ್ರಶ್ನಾರ್ಥಕ ಚಿಹ್ನೆಯಿಂದ ಕಣ್ಣು ತೆಗೆಯದೆ. "ಕೆಂಪು ಗೆರೆ ಹೋಯ್ತು."